ಅಂಕೆಗಳ ಕಂಠಹಾರ

ರಾಮದುರ್ಗವು ಮಲಪ್ರಭಾ ನದಿಯ ದಡದಲ್ಲಿದೆ. ಅಲ್ಲಿಂದ ಹೊಳೆಯ ಗುಂಟ ಮೇಲಕ್ಕೆ ಸಾಗಿದರೆ ಬೈಲಹೊಂಗಲ ತಾಲ್ಲೂಕಿನ ಒಕ್ಕುಂದವೂ, ಕೆಳಕ್ಕೆ ಸಾಗಿದರೆ ಕಿಸುವೊಳಲೆಂದು ಹಿಂದೆ ಹೆಸರಾದ ಪಟ್ಟದಕಲ್ಲೂ ಸಿಗುತ್ತವೆ. ಈ ಎರಡೂ ಊರುಗಳನ್ನು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದ ‘ಕವಿರಾಜಮಾರ್ಗ’ವು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಕೃತಿ. ಅದೇ ದೊರೆಯನ್ನು ಹೊಗಳುವ ಮತ್ತೊಂದು ಗ್ರಂಥವುಂಟು. ಅದು ಕ್ರಿ.ಶ. 850ರ ಸುಮಾರಿಗೆ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಮೊದಲನೆಯದನ್ನು ನೆನೆಯುವಷ್ಟು ಎರಡನೆಯದನ್ನು ನಾಡು ನೆನೆಯದಿರುವುದು ಸೋಜಿಗವೇ ಸರಿ.

ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಆಚಾರ್ಯರು ಹೆಸರುಗಳನ್ನು ಕೊಟ್ಟಿದ್ದಾರೆ. ಯಾವ ಅರಸನ ಬೊಕ್ಕಸದ ಲೆಕ್ಕಕ್ಕೂ ಇಷ್ಟು ಸ್ಥಾನಗಳು ಬೇಕಿರಲಾರವು. ಸಂಖ್ಯೆಯ ಮೇಲಣ ಪ್ರೀತಿಯೇ ಇದಕ್ಕೆ ಕಾರಣವಿರಬೇಕು. ಆ ಪ್ರೀತಿ ಅವರ ಗುಣಾಕಾರದ ಲೆಕ್ಕಗಳಲ್ಲಿಯೂ ಕಾಣುತ್ತದೆ. ಕೆಲವು ಗುಣಲಬ್ಧಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಅಂತಹ ಒಂದು ಲೆಕ್ಕ ಹೀಗಿದೆ:

2,79,94,681 × 441 = 12,34,56,54,321

ಉತ್ತರದ ಅಂಕೆಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ. ಇದು ಆಕಸ್ಮಿಕವೆ?

ಅಲ್ಲ. ಈ ಸಂಖ್ಯೆಯು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಅದರಾಚೆ ಎರಡು, ನಟ್ಟನಡುವೆ ಆರು, ಮುಂದೆ ಮತ್ತೆ ಇಳಿತ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟುವುದಿಲ್ಲ. ಎಡಕ್ಕೆ ದಶಕ ಒಯ್ಯಬೇಕಾದ ಪ್ರಸಂಗವೇ ಇಲ್ಲ. ಆದುದರಿಂದ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದು ಸಾಗಿ 12345678987654321 ದೊರೆಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಣ ಕಂಬ ಹತ್ತಾಗಿ ದಶಕ ಎಡಕ್ಕೆ ಹೋಗುತ್ತದೆ. ಆಗ ಬರುವ 1234567900987654321 ಎಂಬುದರಲ್ಲಿ ಹಿಂದಿನ ಚೆಲುವಿಲ್ಲ.

ಆದರೆ ಲೆಕ್ಕದಲ್ಲಿ 111111 ಎಲ್ಲಿಯೂ ಕಾಣುವುದಿಲ್ಲವಲ್ಲ! ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ ಗುಟ್ಟು ತಿಳಿಯುತ್ತದೆ:

111111 = 3 × 7 × 11 × 13 × 37

3 ಮತ್ತು 7ರ ಗುಣಲಬ್ಧ 21. ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291. ಅದರ ವರ್ಗವೇ 2,79,94,681. ಒಂದು ವರ್ಗಸಂಖ್ಯೆಯು ಎರಡು ವರ್ಗಸಂಖ್ಯೆಗಳಾಗಿ ಒಡೆದು ಅಡಗಿ ಕುಳಿತಿದೆ. ಈ ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಆದ್ದರಿಂದ 12,34,56,54,321ಕ್ಕೆ 3 × 3 × 3 × 3 × 3, ಅಂದರೆ 243 ಭಾಜಕಗಳಿವೆ.

ಆಚಾರ್ಯರ ಇನ್ನೊಂದು ಹಾರದ ಬಗೆಯೇ ಬೇರೆ: 12345679 × 9 = 111111111. ಗುಣ್ಯದಲ್ಲಿ ಎಂಟಿಲ್ಲ. ಇಲ್ಲಿ ಪ್ರತಿ ಹೆಜ್ಜೆಯಲ್ಲಿಯೂ ದಶಕ ಒಯ್ಯಬೇಕು. ಹಾರವನ್ನು ಕಟ್ಟುವುದೂ ಅದೇ. ಒಂಬತ್ತೊಂಬತ್ತಲೆ 81, 1 ಬರೆದು 8 ಒಯ್ಯಬೇಕು. ಏಳೊಂಬತ್ತಲೆ 63, ಒಯ್ದ 8 ಸೇರಿ 71; ಮತ್ತೆ 1. ಆರೊಂಬತ್ತಲೆ 54, ಒಯ್ದ 7 ಸೇರಿ 61, ಮತ್ತೆ 1. ಕೊನೆಯವರೆಗೂ ಹೀಗೆಯೇ. ಬಿಟ್ಟುಹೋದ ಎಂಟನ್ನು ಅದರ ಸ್ಥಾನದಲ್ಲಿ ಕೂರಿಸಿದರೆ 72ಕ್ಕೆ 8 ಸೇರಿ 80 ಆಗುತ್ತದೆ. ಒಂದರ ಬದಲು ಸೊನ್ನೆ ಬಿದ್ದು, 1111111101 ಎಂದು ಹಾರ ಹರಿಯುತ್ತದೆ.