ಪೇಟೆಯ ಕೆಳಗೆ ಹಳಿ: ನಗರ ರೈಲು ಮಾರ್ಗ ಯೋಜನೆ

ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಯಲ್ಲಿ ಸೀರೆ ಗಂಟು ಹೊತ್ತ ಕೂಲಿಯವನು ಎದುರಾದರೆ ನಾವು ಗೋಡೆಗೆ ಒತ್ತಿ ನಿಲ್ಲಬೇಕು. ಅಲ್ಲಿ ಮೇಲ್ಸೇತುವೆಗೆ ಕಂಬ ನೆಡುವುದೆಲ್ಲಿ? ಹೀಗಾಗಿ ನಮ್ಮ ಮೆಟ್ರೋ ಹಸಿರು ಮಾರ್ಗ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಗಳಲ್ಲಿ ನೆಲದಡಿ ಸಾಗುತ್ತದೆ. ಈ ಭಾಗ ಸಂಚಾರಕ್ಕೆ ತೆರೆದದ್ದು 2017ರ ಜೂನ್‌ನಲ್ಲಿ.

ಸುರಂಗಕ್ಕೆ ಮುಖ್ಯವಾಗಿ ಎರಡು ವಿಧಾನ. ರಸ್ತೆ ಅಗೆದು, ಪೆಟ್ಟಿಗೆಯಾಕಾರದ ಮಾರ್ಗ ಕಟ್ಟಿ, ಮತ್ತೆ ಮುಚ್ಚುವುದು ‘ಕಟ್ ಅಂಡ್ ಕವರ್’. ಲಂಡನ್ನಿನ ಮೆಟ್ರೋಪಾಲಿಟನ್ ರೈಲ್ವೆ (1863, ಜಗತ್ತಿನ ಮೊದಲ ಸುರಂಗ ರೈಲು) ಹೀಗೇ ಆದದ್ದು. ಕೋಲ್ಕತ್ತದ ಮೊದಲ ಮಾರ್ಗವೂ (1984, ಭಾರತದ ಮೊದಲ ಮೆಟ್ರೋ) ಬಹುಪಾಲು ಹೀಗೆಯೇ. ಅಗ್ಗ, ಆದರೆ ಬೀದಿಯ ವ್ಯಾಪಾರ ವರ್ಷಗಟ್ಟಲೆ ಮಣ್ಣುಪಾಲು. ಇನ್ನೊಂದು, ಟನೆಲ್ ಬೋರಿಂಗ್ ಯಂತ್ರ (ಟಿಬಿಎಂ). ಮುಂದೆ ತಿರುಗುವ ಚಕ್ರ ಕೊರೆಯುತ್ತದೆ, ಹಿಂದೆಯೇ ಕಾಂಕ್ರೀಟ್ ಬಳೆ ಜೋಡಿಸುತ್ತಾ ಹೋಗುತ್ತಾರೆ. ಬೆಂಗಳೂರಿನಲ್ಲಿ ಗಟ್ಟಿ ಬಂಡೆ, ಸಡಿಲ ಮಣ್ಣು ಎರಡೂ ಒಟ್ಟಿಗೆ ಸಿಗುವುದರಿಂದ ಕೊರೆಯುವ ಹಲ್ಲುಗಳು ಬೇಗ ಸವೆದವು. ‘ಗೋದಾವರಿ’ ಹೆಸರಿನ ಯಂತ್ರ ತಿಂಗಳುಗಟ್ಟಲೆ ಕೆಲಸ ಎಳೆದದ್ದು ಊರಿಗೇ ಗೊತ್ತು.

ಟಿಬಿಎಂ ಬಂದರೆ ಭೂಸ್ವಾಧೀನ ತಪ್ಪಿತು ಎಂದುಕೊಳ್ಳಬೇಡಿ. ನಿಲ್ದಾಣ, ಪ್ರವೇಶದ್ವಾರ, ಗಾಳಿ ಕೊಳವೆಗಳಿಗೆ ಮೇಲಿನ ಜಾಗ ಬೇಕೇ ಬೇಕು. ಮನೆ, ಅಂಗಡಿ ಹೋಗುವುದು ಅಲ್ಲಿ. ಬಾಡಿಗೆ ಅಂಗಡಿಯವನ ಪರಿಹಾರವೇ ಅತಿ ಜಟಿಲ ಪ್ರಶ್ನೆ. ಸುರಂಗ ಕೊರೆಯುವ ಮೊದಲೇ ಹಳೆಯ ಕಟ್ಟಡಗಳ ಬಿರುಕನ್ನು ಅಳೆದು ದಾಖಲಿಸಬೇಕು.

ನೆನಪಿಡಿ: ಹಳಿ ಅಗಲ ನಮ್ಮ ಮೆಟ್ರೋದಲ್ಲಿ 1435 ಮಿ.ಮೀ., ಕೋಲ್ಕತ್ತದ ಮೊದಲ ಮಾರ್ಗದಲ್ಲಿ 1676. ಎರಡಕ್ಕೂ ವಿದ್ಯುತ್ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ.