ಅಂಚಿಗೆ ಹಸಿರು ಬಳಿಯುವ ಮೊದಲು

ಸಿ.ಡಿ.ಯ ಅಂಚಿಗೆ ಸುತ್ತಲೂ ಹಸಿರು ಮಾರ್ಕರ್ ಬಳಿದರೆ ಹಾಡು ಇನ್ನಷ್ಟು ತಿಳಿಯಾಗಿ ಕೇಳುತ್ತದಂತೆ, ಹೌದಾ ದೊಡ್ಡಪ್ಪ ಎಂದು ಕೇಳಿದೆಯಲ್ಲ ಮಗೂ. ಇಲ್ಲ. ಆದರೆ ಬರೀ ಇಲ್ಲ ಎಂದರೆ ನಿನಗೆ ಸಾಲದು, ಸಾಲಲೂಬಾರದು. ನಾಳೆ ಇನ್ಯಾರೋ ಬಂದು ಇನ್ನೊಂದು ಉಪಾಯ ಹೇಳುತ್ತಾರೆ, ಆಗ ನೀನೇ ತೂಗಿ ನೋಡಬೇಕಾಗುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. 1990ರ ಸುಮಾರಿಗಾಗಲೇ ಅಮೆರಿಕದ ಸಂಗೀತಪ್ರಿಯರಲ್ಲಿ ಈ ಹಸಿರು ಶಾಯಿಯ ಗೀಳು ಹಬ್ಬಿತ್ತು. ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಪಾಲಿಶ್ ಸವರಿದವರಿದ್ದರು, ಫ್ರೀಜರಿನಲ್ಲಿಟ್ಟು ತೆಗೆದವರಿದ್ದರು, ಅಯಸ್ಕಾಂತದ ಗುಣ ಕಳೆಯುತ್ತೇವೆಂದು ಯಂತ್ರ ತಂದವರೂ ಇದ್ದರು. ಸಿ.ಡಿ.ಯೊಳಗಿನ ಹೊಳಪು ಅಲ್ಯೂಮಿನಿಯಮ್ಮಿನದು; ಕಬ್ಬಿಣದಂತೆ ಅಯಸ್ಕಾಂತದ ಗುಣ ಹಿಡಿದಿಟ್ಟುಕೊಳ್ಳುವ ಲೋಹವೇ ಅದಲ್ಲ. ಹಸಿರಿನ ವಾದ ಮಾತ್ರ ಕೇಳಲು ಸೊಗಸಾಗಿದೆ. ಓದುವ ಲೇಸರ್ ಕೆಂಪು, ಅದರ ಒಂದಿಷ್ಟು ಬೆಳಕು ಅಂಚಿನಲ್ಲಿ ಚೆದರಿ ಮರಳಿ ಬಂದು ಓದಿಗೆ ಅಡ್ಡಿ ಮಾಡುತ್ತದೆ, ಹಸಿರು ಆ ಕೆಂಪನ್ನು ಹೀರಿಕೊಳ್ಳುತ್ತದೆ ಎನ್ನುತ್ತಾರೆ. ಆದರೆ ಆ ಲೇಸರ್ 780 ನ್ಯಾನೋಮೀಟರಿನ ಇನ್‌ಫ್ರಾರೆಡ್, ಕೆಂಪಿನಿಂದಾಚೆಯದು. ನಮ್ಮ ಕಣ್ಣಿಗೆ ಹಸಿರಾಗಿ ಕಂಡ ಶಾಯಿ ಆ ಬೆಳಕನ್ನು ಹೀರಲೇಬೇಕೆಂದಿಲ್ಲ.

ಹೀರಿತು ಎಂದೇ ಇಟ್ಟುಕೋ. ಆಗಲೂ ಏನೂ ಬದಲಾಗದು. ಯಾಕೆಂದರೆ ಸಿ.ಡಿ.ಯ ಮೇಲಿರುವುದು ನಾದವಲ್ಲ, ಅಂಕಿ. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಒಂದು ಸಂಖ್ಯೆಯಾಗಿ ಬರೆದಿಟ್ಟಿರುತ್ತಾರೆ. ಮೈಕ್ರಾನಿನ ಅರ್ಧದಷ್ಟು ಅಗಲದ ಕುಳಿಗಳು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತವೆ. ಓದುವಾಗ ತಪ್ಪು ಬಂದೇ ಬರುತ್ತದೆ ಎಂಬುದು ಮಾಡಿದವರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ಪ್ರತಿ 24 ಬೈಟ್ ಸಂಗೀತಕ್ಕೆ 8 ಬೈಟ್ ತಾಳೆ ನೋಡುವ ಲೆಕ್ಕ ಸೇರಿಸಿದರು. ದಿನಸಿ ಚೀಟಿಯಲ್ಲಿ ಒಂದು ಸಾಲು ಎಣ್ಣೆ ತಗುಲಿ ಅಳಿಸಿಹೋದರೂ ಕೆಳಗಿನ ಮೊತ್ತ ಉಳಿದಿದ್ದರೆ ಆ ಸಾಲಿನ ಬೆಲೆಯನ್ನು ಕರಾರುವಾಕ್ಕಾಗಿ ಕಂಡುಹಿಡಿಯಬಹುದಲ್ಲ, ಹಾಗೆ. ಸಾಲದ್ದಕ್ಕೆ ಅಕ್ಕಪಕ್ಕದ ಅಂಕಿಗಳನ್ನು ದೂರದೂರಕ್ಕೆ ಚದುರಿಸಿ ಬರೆಯುತ್ತಾರೆ. ಸುರುಳಿಯ ಸುಮಾರು ಎರಡೂವರೆ ಮಿಲಿಮೀಟರ್ ಉದ್ದ ಪೂರ್ತಿ ಹಾಳಾದರೂ ಮೂಲದ ಅಂಕಿಗಳು ಹಾಗೆಹಾಗೇ ಮರಳಿ ಸಿಗುತ್ತವೆ. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ವಿಧಾನ ಇದರ ಬುನಾದಿ. ಮನುಷ್ಯರ ಬುದ್ಧಿಯ ಬಗ್ಗೆ ನನಗೆ ಗೌರವ ಹುಟ್ಟಿಸುವ ಕೆಲಸಗಳಲ್ಲಿ ಇದೂ ಒಂದು.

ಹಾನಿ ಅದಕ್ಕೂ ಮೀರಿದರೆ? ಪ್ಲೇಯರ್ ಅಕ್ಕಪಕ್ಕದ ಅಂಕಿ ನೋಡಿ ನಡುವಿನದನ್ನು ಊಹಿಸುತ್ತದೆ. ಅದೂ ಸಾಧ್ಯವಾಗದಾಗ ಟಕ್ ಎನ್ನುತ್ತದೆ, ಹಾರುತ್ತದೆ, ಸುಮ್ಮನಾಗುತ್ತದೆ. ಇಲ್ಲಿ ಗಮನವಿಡು. ತಂಬೂರಿ ಮಂಕಾಗುವುದು, ಗಾಯಕಿಯ ದನಿಯ ಮೇಲೆ ತೆರೆ ಬಿದ್ದಂತಾಗುವುದು, ಮೃದಂಗದ ತೊಪ್ಪಿ ಸಪ್ಪೆಯಾಗುವುದು, ಈ ಬಗೆಯ ಕೇಡು ಸಿ.ಡಿ.ಗೆ ಬರುವುದೇ ಇಲ್ಲ. ಶಾಯಿ ಬಳಿದವರು ಹೇಳುವ ಸುಧಾರಣೆಗಳೆಲ್ಲ ಈ ಜಾತಿಯವೇ.

ಬಲ್ಲವರು ಇಲ್ಲಿಗೆ ಬಿಡುವುದಿಲ್ಲ. ಅಂಕಿ ಸರಿಯಿದ್ದರೂ ಅವು ಬರುವ ಕಾಲ ಹೆಚ್ಚುಕಡಿಮೆಯಾದರೆ ನಾದ ಕೆಡುತ್ತದಲ್ಲ ಎನ್ನುತ್ತಾರೆ. ಮಾತು ಸರಿಯೇ. ಆದರೆ ಓದಿದ ಅಂಕಿಗಳು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಮೊದಲು ಮೆಮೊರಿಯಲ್ಲಿ ಕೂಡುತ್ತವೆ, ಅಲ್ಲಿಂದ ಕ್ವಾರ್ಟ್ಜ್ ಹರಳಿನ ಎಣಿಕೆಗೆ ತಕ್ಕಂತೆ ಹೊರಡುತ್ತವೆ. ಕಾಲ ಹಾಕುವುದು ಆ ಹರಳು, ತಿರುಗುವ ತಟ್ಟೆಯಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡ. ಬಳಿಯುವ ಮೊದಲು ಒಂದು ಸಲ, ಬಳಿದ ಮೇಲೆ ಒಂದು ಸಲ, ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶದಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಎರಡೂ ಫೈಲುಗಳನ್ನು ತಾಳೆ ಹಾಕು. ಬಿಟ್ಟಿಗೆ ಬಿಟ್ಟು ಒಂದೇ ಆಗಿದ್ದರೆ ಶಾಯಿ ಏನನ್ನೂ ಬದಲಿಸಿಲ್ಲ. ಕಿವಿಯಿಂದಲೇ ತೀರ್ಮಾನಿಸಬೇಕು ಎನಿಸಿದರೆ ಒಂದೇ ಆಲ್ಬಮ್ಮಿನ ಎರಡು ಪ್ರತಿ ತಗೊಂಡು ಒಂದಕ್ಕೆ ಮಾತ್ರ ಬಳಿ. ಗೆಳೆಯನೊಬ್ಬ ನಿನಗೆ ಕಾಣದಂತೆ ನಾಣ್ಯ ಚಿಮ್ಮಿ ಯಾವುದೋ ಒಂದನ್ನು ಹಾಕಲಿ, ವಾಲ್ಯೂಮ್ ಯಾರೂ ಮುಟ್ಟಬಾರದು. ಹತ್ತು ಸಲದಲ್ಲಿ ಆರೋ ಏಳೋ ಸರಿಯಾಗುವುದು ಬರೀ ಊಹೆಗೂ ದಕ್ಕುತ್ತದೆ. ಒಂಬತ್ತು ಅಥವಾ ಹತ್ತು ಸರಿಯಾಗುವುದು ಊಹೆಯಿಂದ ನೂರಕ್ಕೆ ಒಂದು ಸಲ ಮಾತ್ರ. ಅಷ್ಟು ಸಿಕ್ಕಿದರೆ ನನಗೆ ಫೋನ್ ಮಾಡು, ನಾನೇ ಬಂದು ಕೇಳುತ್ತೇನೆ.

ವ್ಯತ್ಯಾಸ ಕೇಳಿಸಿತು ಎನ್ನುವವರನ್ನು ಸುಳ್ಳರು ಎನ್ನಬೇಡ. ಅವರಿಗೆ ನಿಜವಾಗಿಯೂ ಕೇಳಿಸಿರುತ್ತದೆ. ಒಂದು ಗಂಟೆ ಕೂತು ಶ್ರದ್ಧೆಯಿಂದ ಬಳಿದು, ಒಣಗಿಸಿ, ದೀಪ ಸಣ್ಣದು ಮಾಡಿ, ಏನಾದರೂ ಬದಲಾಗಿದೆಯೇ ಎಂದು ಕಾದು ಕೇಳಿದರೆ ಅದೇ ಹಾಡಿನಲ್ಲಿ ಅದುವರೆಗೆ ಗಮನಿಸದ ಒಂದು ಗಮಕ ಕಿವಿಗೆ ಬೀಳುತ್ತದೆ. ಅದು ಆ ಗಮನದ ಫಲ. ಅಷ್ಟೇ ಗಮನವಿಟ್ಟು ಬಳಿಯದ ಸಿ.ಡಿ.ಯನ್ನೂ ಕೇಳು, ಸಿಗುತ್ತದೆ.

ಬಳಿದರೆ ನಷ್ಟವೇನು ಎಂದೀಯೆ. ಅಲ್ಯೂಮಿನಿಯಮ್ ಪದರ ಇರುವುದು ಹೆಸರು ಅಚ್ಚಾದ ಮೇಲ್ಮೈಯ ಕಡೆ, ಅದಕ್ಕೆ ಕಾವಲು ತೆಳ್ಳನೆಯ ಲ್ಯಾಕರ್ ಅಷ್ಟೇ. ಕೆಲವು ಮಾರ್ಕರುಗಳ ದ್ರಾವಣ ಅದನ್ನು ತಿನ್ನಬಲ್ಲದು. ಕೆಳಗಿನ ಪಾಲಿಕಾರ್ಬೊನೇಟ್ ಗೀರಿದರೆ ಚೂರು ಟೂತ್‌ಪೇಸ್ಟ್ ಹಾಕಿ ಉಜ್ಜುವುದು ಕೆಲವೊಮ್ಮೆ ಹಾರುವ ಸಿ.ಡಿ.ಯನ್ನು ಉಳಿಸುತ್ತದೆ, ಇದು ನಿಜ. ಗೀರಿನ ಅಂಚು ಸವೆದು ಲೇಸರ್ ಒಳಗೆ ಹೋಗುತ್ತದೆ. ಓದಲಾಗದ್ದು ಓದುವಂತಾಗುತ್ತದೆ, ಮೊದಲೇ ಓದುತ್ತಿದ್ದದ್ದು ಇಂಪಾಗುವುದಿಲ್ಲ. ಒರೆಸುವುದಿದ್ದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸು. ಸುತ್ತ ಒರೆಸಿದಾಗ ಬೀಳುವ ಗೀರು ಸುರುಳಿಯ ಜೊತೆಗೇ ಸಾಗಿ ಒಂದೇ ಕಡೆ ಉದ್ದಕ್ಕೆ ಅಂಕಿಗಳನ್ನು ನುಂಗುತ್ತದೆ.

ನಿನ್ನ ಕೈಗೆ ಅಷ್ಟು ಆಸೆಯಿದ್ದರೆ ಅಟ್ಟದ ಮೇಲಿನ ಗ್ರಾಮಫೋನ್ ಪ್ಲೇಟುಗಳನ್ನು ಇಳಿಸು. ಅಲ್ಲಿ ಮುಳ್ಳು ಗೆರೆಯನ್ನು ಮುಟ್ಟುತ್ತದೆ, ಮುಟ್ಟಿದ್ದೆಲ್ಲ ಸದ್ದಾಗುತ್ತದೆ, ಧೂಳು ಸಹ. ಅಲ್ಲಿ ಮನೆಮದ್ದಿಗೆ ಬೆಲೆಯಿದೆ. ಎಲ್‌ಪಿಯಾದರೆ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಷ್ಷು, ಗೆರೆಯ ಜಾಡಿನಲ್ಲೇ ಸುತ್ತ ಉಜ್ಜು, ಲೇಬಲ್ ನೆನೆಯದಿರಲಿ. ಹಳೆಯ 78ರ ಪ್ಲೇಟುಗಳು ಅರಗಿನವು. ಅವುಗಳಿಗೆ ಸ್ಪಿರಿಟ್ ಮುಟ್ಟಿಸಲೇಬೇಡ, ಅರಗು ಕರಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್ ದನಿ ನಮ್ಮವರೆಗೆ ಬಂದಿರುವುದು ಅಂಥ ಅರಗಿನ ಮೇಲೇ. ಎಲ್‌ಪಿಯ ಮುಳ್ಳನ್ನೂ ಅವುಗಳ ಮೇಲೆ ಇಡಬೇಡ. 78ರ ಗೆರೆ ಅಗಲ, ಸಣ್ಣ ಮುಳ್ಳು ತಳಕ್ಕಿಳಿದು ಗೊರಗೊರ ಎನ್ನುತ್ತದೆ.

ಇದೆಲ್ಲಕ್ಕಿಂತ ಅವಸರದ ಕೆಲಸ ಒಂದಿದೆ. ನಿನ್ನ ಅಜ್ಜಿ ಹಾಡಿದ ಹಸೆಹಾಡುಗಳನ್ನು ನಿಮ್ಮಪ್ಪ ಕಂಪ್ಯೂಟರಿನಲ್ಲಿ ಬರೆದಿಟ್ಟ ಸಿ.ಡಿ.ಗಳಿವೆಯಲ್ಲ, ಅವು ಅಂಗಡಿಯ ಸಿ.ಡಿ.ಗಳಂತೆ ಅಚ್ಚೊತ್ತಿದವಲ್ಲ. ಅಂಕಿ ಕೂತಿರುವುದು ಒಂದು ಬಣ್ಣದ ಪದರದಲ್ಲಿ, ಅದು ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಕಿಟಕಿ ಪಕ್ಕದ ಶೆಲ್ಫಿನಿಂದ ಇವತ್ತೇ ತೆಗೆದು ಫೈಲಾಗಿ ಇಳಿಸಿಕೋ, ಎಂಪಿತ್ರೀ ಮಾಡಿ ಕುಗ್ಗಿಸದೆ. ಒಂದು ಪ್ರತಿ ನಿನ್ನ ಹತ್ತಿರವಿರಲಿ, ಇನ್ನೊಂದನ್ನು ಧಾರವಾಡದ ಅತ್ತೆಗೆ ಕಳಿಸು.