ಲಗಾಮೋ, ಆಳ್ವಿಕೆಯೋ?

ಮೈಸೂರಿನ ಮೇಟಗಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಯಾಲಯಗಳಲ್ಲಿ ಆಂಗ್ಲಭಾಷೆಯಲ್ಲಿ ವರದಿಗಳನ್ನು ಬರೆಯಬೇಕಾದ ತರುಣ ಮಿತ್ರರಿಗೆ ಒಂದು ಕಿವಿಮಾತು. ಒಬ್ಬರಿಗೆ ಸಂಪೂರ್ಣ ಸ್ವಾತಂತ್ರ್ಯವಿತ್ತುದನ್ನು ಹೇಳುವ ‘ಫ್ರೀ ರೇನ್’ ಎಂಬ ನುಡಿಗಟ್ಟು ಕುದುರೆ ಸವಾರಿಯಿಂದ ಬಂದುದು. ಸವಾರನು ಬಿಗಿಹಿಡಿದ ಲಗಾಮನ್ನು ಸಡಿಲಿಸಿ, ಅಶ್ವವು ಸ್ವೇಚ್ಛೆಯಿಂದ ನಡೆಯಲೆಂದು ಬಿಡುವ ಕ್ರಿಯೆಯೇ ಅದರ ಮೂಲವಾದುದರಿಂದ, ಅಲ್ಲಿಯ ‘ರೇನ್’ ಪದದಲ್ಲಿ ‘ಜಿ’ ಅಕ್ಷರಕ್ಕೆ ಎಡೆಯಿಲ್ಲ. ಉಚ್ಚಾರಣೆಯಲ್ಲಿ ಅಭಿನ್ನವಾಗಿದ್ದು ಅರಸರ ಆಳ್ವಿಕೆಯನ್ನು ಸೂಚಿಸುವ ಪದಕ್ಕೆ ಮಾತ್ರ ಆ ಅಕ್ಷರವುಂಟು. ಒಡೆಯರ ರಾಜಧಾನಿಯಾಗಿದ್ದ ಊರಿನವರಾದ ನಮ್ಮ ಲೇಖನಿ ಅತ್ತ ಹೊರಳುವುದು ಸಹಜವೇ, ಆದರೂ ಅದು ದೋಷವೇ. ಇನ್ನು ಅದೇ ಅರ್ಥದ ‘ಫ್ರೀ ಹ್ಯಾಂಡ್’ ಎಂಬುದನ್ನು ಕನ್ನಡಕ್ಕೆ ತರುವಾಗ ‘ಪೂರ್ಣಾಧಿಕಾರ’ವೆನ್ನಿರಿ, ‘ಮುಕ್ತಹಸ್ತ’ವೆಂಬುದು ಕೊಡುವವನ ಔದಾರ್ಯವನ್ನು ಹೇಳುವ ಮಾತು, ಅದನ್ನು ದಾನಕ್ಕೇ ಮೀಸಲಿಡಿರಿ.